ತಣ್ಣೀರು ಹಿತವೆನಿಸಿದ ಹಲ್ಲು

ನನ್ನ ಕೆಳದವಡೆಯ ಎಡಗಡೆ, ಹಿಂದಿನಿಂದ ಎರಡನೆಯ ಹಲ್ಲು ಒಂದು ಮೂಲೆ ಮುರಿದುಕೊಂಡು ನನ್ನನ್ನು ಮೂರು ತಿಂಗಳು ಕಾಡಿತು. ಅದು ಜೀವ ತೆಗೆಯುವ ಕಾಯಿಲೆಯಲ್ಲ. ಆದರೂ ಆ ಮೂರು ತಿಂಗಳು ಅಂಗಡಿಯಲ್ಲಿ, ಬಸ್ಸಿನಲ್ಲಿ, ಊಟಕ್ಕೆ ಕೂತಲ್ಲಿ ಒಂದೇ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗಿದೆ. ಈ ಹಲ್ಲಿಗೆ ಸಿಮೆಂಟ್ ತುಂಬಿಸಿದರೆ ಸಾಕೋ, ನರ ತೆಗೆಸಬೇಕೋ, ಇಲ್ಲ ಹಲ್ಲನ್ನೇ ಕೈಬಿಡಬೇಕೋ? ಕೇಳಿದವರೆಲ್ಲರೂ ಉತ್ತರ ಕೊಟ್ಟರು. ಕೇಳದವರೂ ಕೊಟ್ಟರು. ಈಗಲೂ ನಮ್ಮ ಅಂಗಡಿಗೆ ಯಾರಾದರೂ ದವಡೆ ಒತ್ತಿಕೊಂಡು ಬಂದರೆ, ನೋಟ್‌ಬುಕ್ ಕೇಳುವ ಮೊದಲು ಇದನ್ನೇ ಕೇಳುತ್ತಾರೆ. ಅವರಿಗೆ ಕೌಂಟರಿನ ಹಿಂದೆ ನಿಂತು ಹೇಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹರಪನಹಳ್ಳಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಸೇರಿ ಬಹಳ ದಿನವಾಗಿರಲಿಲ್ಲ. ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಆರು ವರ್ಷ ಕೆಲಸ ಮಾಡಿ, ಊರಿಗೆ ವಾಪಸ್ಸು ಬಂದು, ಕೊಟ್ಟೂರಿನಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೆ. ಅದೇ ಪತ್ರಿಕೆಗೆ ಕೊಟ್ಟೂರು, ಕೂಡ್ಲಿಗಿಯ ಸುದ್ದಿಗಳನ್ನೂ ಕಳಿಸುತ್ತಿದ್ದೆ. ಡೆಸ್ಕಿನ ಅಭ್ಯಾಸಗಳು ನನ್ನನ್ನು ಬಿಟ್ಟಿರಲಿಲ್ಲ. ನಮ್ಮ ಮುಖ್ಯ ಉಪಸಂಪಾದಕರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು ಒಂದಿತ್ತು: "ಖಾತ್ರಿ ಇಲ್ಲದ್ದು ಹೊಡದು ಹಾಕಪ್ಪಾ. ಜಾಗಾನೂ ಉಳೀತದ, ಮಾನಾನೂ ಉಳೀತದ." ಆ ಮಾತು ನನ್ನ ಹೊಟ್ಟೆಪಾಡಿಗೆ ಬಹಳ ಉಪಯೋಗಕ್ಕೆ ಬಂದಿದೆ. ಹಲ್ಲಿನ ವಿಷಯದಲ್ಲಿ ಮಾತ್ರ ಅದೇ ನನ್ನನ್ನು ದಾರಿ ತಪ್ಪಿಸಿತು.

ಹಲ್ಲು ಮುರಿದದ್ದು ಕೂಡ್ಲಿಗಿಯಲ್ಲಿ. ತಾಲೂಕು ಪಂಚಾಯಿತಿ ಸಭೆ ಶುರುವಾಗುವ ಮೊದಲು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆ. ಒಂದು ಹರಳು ಸಿಕ್ಕಿತು. ಕಟ್ ಎಂದ ಸದ್ದು ತಲೆಯೊಳಗೇ ಕೇಳಿಸಿತು. ಉಗುಳಿ ನೋಡಿದರೆ ಹರಳಿನ ಜೊತೆಗೆ ಹಲ್ಲಿನ ಚೂರೂ ಇತ್ತು. ಎರಡನ್ನೂ ಕಾಗದದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಸಭೆಗೆ ಹೋದೆ. ಸಭೆ ಮೂರು ತಾಸು ನಡೆಯಿತು. ಕುಡಿಯುವ ನೀರಿನ ಬಗ್ಗೆ ಯಾರು ಏನು ಹೇಳಿದರೆಂದು ಬರೆದುಕೊಳ್ಳುತ್ತಲೇ ಇದ್ದೆ. ನಾಲಿಗೆ ಮಾತ್ರ ಆ ಹೊಸ ಮೊನೆಯನ್ನು ಬಿಟ್ಟು ಕದಲಲಿಲ್ಲ.

ಮೊದಲ ಎರಡು ವಾರ ತಣ್ಣೀರು ತಾಕಿದರೆ ಜುಂ ಎನ್ನುತ್ತಿತ್ತು. ಒಂದು ಕ್ಷಣವಷ್ಟೇ. ನುಂಗಿದ ಕೂಡಲೇ ಹೋಗುತ್ತಿತ್ತು. ಆಗಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರೆ ಈ ಕಥೆ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ಕೊಟ್ಟೂರಿನಲ್ಲಿ ಆಗ ಹಲ್ಲಿನ ಡಾಕ್ಟರು ಇರಲಿಲ್ಲ. ದಾವಣಗೆರೆಯಿಂದ ಒಬ್ಬ ಡಾಕ್ಟರು ಶನಿವಾರಕ್ಕೊಮ್ಮೆ ಹರಪನಹಳ್ಳಿಗೆ ಬಂದು, ಒಂದು ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಶನಿವಾರವೆಂದರೆ ಭಾನುವಾರದ ಪುರವಣಿಗೆ ಬರಹ ಕಳಿಸುವ ದಿನ. ಮುಂದಿನ ಶನಿವಾರ ಎನ್ನುತ್ತಲೇ ದಿನ ನೂಕಿದೆ.

ಮನೆಯಲ್ಲಿ ನಾವು ಮೂವರು. ನಾನು, ಹೆಂಡತಿ ಗಿರಿಜಾ, ನನ್ನ ಅವ್ವ. ಅವ್ವನ ಬಾಯಲ್ಲಿ ಹಿಂದಿನ ಹಲ್ಲುಗಳು ಬಹುಪಾಲು ಇರಲಿಲ್ಲ. ನೋವು ಬಂದಾಗಲೆಲ್ಲ ಒಂದೊಂದಾಗಿ ಕೀಳಿಸಿಕೊಂಡಿದ್ದಳು. ಅವಳಿಗೆ ಹಲ್ಲುನೋವಿಗೆ ಗೊತ್ತಿದ್ದ ಮದ್ದು ಎರಡೇ: ಮೊದಲು ಲವಂಗ, ಆಮೇಲೆ ಇಕ್ಕಳ.

"ಕೀಳಿಸಿ ಒಗಿ ತಮ್ಮಾ," ಎನ್ನುತ್ತಿದ್ದಳು. "ಮೂವತ್ತೆರಡರಾಗ ಒಂದು ಹೋದ್ರ ಏನಾತು? ನನ್ನವು ಎಷ್ಟು ಹೋಗ್ಯಾವ, ನಾ ಬದುಕಿಲ್ಲೇನು?"

ಬದುಕಿದ್ದಳು, ನಿಜ. ಆದರೆ ಕಟಿ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಯಿಟ್ಟು, ಅದು ಮೆತ್ತಗಾಗುವ ತನಕ ಕಾಯುತ್ತ, ನಾವು ಕೈ ತೊಳೆದು ಎದ್ದ ಮೇಲೂ ಒಬ್ಬಳೇ ಊಟ ಮಾಡುತ್ತ ಕೂತಿರುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ನನಗಿನ್ನೂ ಮೂವತ್ತೆಂಟು. ಒಂದು ಕಿತ್ತರೆ ಪಕ್ಕದ್ದು ವಾಲುತ್ತದೆ, ಅದು ಅಲುಗಾಡಿದರೆ ಅದರ ಪಕ್ಕದ್ದು. ಅವ್ವನ ಬಾಯಿ ಒಂದು ಹಲ್ಲಿನಿಂದಲೇ ಹೀಗಾಗುತ್ತ ಬಂದದ್ದನ್ನು ನಾನು ಹುಡುಗನಾಗಿದ್ದಾಗಿನಿಂದ ಕಂಡಿದ್ದೆ. ಈ ಹಲ್ಲು ನನಗೆ ಬೇಕಿತ್ತು.

ಸುದ್ದಿ ಕಳಿಸಲು ನಾನು ಹೋಗುತ್ತಿದ್ದದ್ದು ಗೆಳೆಯ ಕೊಟ್ರೇಶಿಯ ಎಸ್‌ಟಿಡಿ ಬೂತಿಗೆ. ಫ್ಯಾಕ್ಸ್ ಯಂತ್ರವೂ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ತಂಪು ಪಾನೀಯ ಇಡುವ ಫ್ರಿಜ್. ಒಂದು ಸಂಜೆ ಬಿಸಿ ಚಹಾದ ಮೊದಲ ಗುಟುಕಿಗೇ ಹಲ್ಲಿನಿಂದ ನೋವು ಎದ್ದು ದವಡೆಯುದ್ದಕ್ಕೂ ಹಬ್ಬಿತು. ಕಪ್ಪು ಕೆಳಗಿಟ್ಟೆ. ನೋವು ಇಳಿಯಲಿಲ್ಲ. ಕೊಟ್ರೇಶಿ ಗಾಬರಿಯಾಗಿ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದುಕೊಟ್ಟ. ಹೆದರುತ್ತಲೇ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಆಶ್ಚರ್ಯ, ಜುಂ ಎನ್ನಲಿಲ್ಲ. ಬದಲಿಗೆ ನೋವು ತಟ್ಟನೆ ನಿಂತಿತು.

"ಏನಲೇ, ಫ್ರಿಜ್ ನೀರು ಕುಡದು ನಗಾಕತ್ತಿ?" ಎಂದ ಕೊಟ್ರೇಶಿ.

"ಹಲ್ಲು ಸುಧಾರಿಸೇತಿ ಕಣಲೇ. ತಣ್ಣೀರು ಈಗ ಏನೂ ಮಾಡವಲ್ದು."

ಅಂದಿನಿಂದ ಅವನ ಫ್ರಿಜ್ಜಿನಲ್ಲಿ ಒಂದು ಬಾಟಲಿ ನನ್ನದೇ ಆಯಿತು. ಬಾಯಿ ತುಂಬ ನೀರಿಟ್ಟುಕೊಂಡು ವರದಿ ಬರೆಯುವುದು, ಬರೆದಾದ ಮೇಲೆ ಉಗುಳಿ ಬಂದು ಹುಬ್ಬಳ್ಳಿಗೆ ಫೋನ್ ಮಾಡುವುದು ರೂಢಿಯಾಯಿತು. ಚಹಾವನ್ನು ಆರಿಸಿಕೊಂಡೇ ಕುಡಿಯುತ್ತಿದ್ದೆ. ಮಧ್ಯಾಹ್ನ ಊಟವಾಗಿ ಅರ್ಧ ತಾಸು ಅಡ್ಡಾದರೆ ಎಡಗಿವಿಯೊಳಗೆ ಯಾರೋ ಗುದ್ದಿದ ಹಾಗಾಗುತ್ತಿತ್ತು. ಎದ್ದು ಕೂತರೆ ಕಡಿಮೆಯಾಗುತ್ತಿತ್ತು. ಕಿವಿಗೆ ಗಿರಿಜಾ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕಿದಳು. ಊರಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಕಿವಿಯಲ್ಲಿ ಏನೂ ಇಲ್ಲ ಎಂದರು. ಹಲ್ಲು ಬೇರೆ, ಕಿವಿ ಬೇರೆ ಎಂದುಕೊಂಡಿದ್ದರಿಂದ ಅವರಿಗೆ ನಾನು ಹಲ್ಲಿನ ಮಾತೇ ತೆಗೆಯಲಿಲ್ಲ.

ಕೊನೆಗೆ ಶನಿವಾರ ಹರಪನಹಳ್ಳಿಗೆ ಹೋಗುವುದೆಂದು ತೀರ್ಮಾನವಾಯಿತು. ಹೊರಡಿಸಿದ್ದು ಗಿರಿಜಾ. "ಪುರವಣಿ ಒಂದು ವಾರ ನಿಮ್ಮನ್ನ ಬಿಟ್ಟು ಬರ್ಲಿ ಬಿಡ್ರಿ," ಎಂದು ತಾನೂ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು.

ಹೊರಡುವ ಹಿಂದಿನ ದಿನ ಕೊಟ್ರೇಶಿ ಇನ್ನೊಂದು ಮಾತು ಹೇಳಿ ಹೆದರಿಸಿದ್ದ. "ಸಿಮೆಂಟ್ ಅಂದ್ರ ಹಾಕಿಸ್ಕ್ಯಾ. ನರ ತೆಗೀತೀವಿ ಅಂದ್ರ ಎದ್ದು ಬಾ. ಆ ನರ ಕಣ್ಣಿಗೆ ಹತ್ತಿರತೈತಿ. ನಮ್ಮ ಅತ್ತಿ ಊರಾಗ ಒಬ್ಬಂಗೆ ಕಣ್ಣು ಮಂಜಾಗೇತಿ." ಆ ಒಬ್ಬನ ಹೆಸರು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಸುದ್ದಿಯಾಗಿದ್ದರೆ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಹೆದರಿಕೆಯಾದ್ದರಿಂದ ಇಟ್ಟುಕೊಂಡೆ. ಅಕ್ಷರ ನೋಡಿಯೇ ಬದುಕುವವನಿಗೆ ಕಣ್ಣಿನ ಮಾತು ಸುಮ್ಮನೆ ಹೋಗುವುದಿಲ್ಲ.

ಬಸ್ಸಿನಲ್ಲಿ ಕೂತು ಡಾಕ್ಟರಿಗೆ ಕೊಡಲು ಒಂದು ಚೀಟಿ ಬರೆದೆ. ಹಲ್ಲು ಯಾವಾಗ ಮುರಿಯಿತು, ಹೇಗೆ ಮುರಿಯಿತು, ಮೊದಲು ತಣ್ಣೀರಿಗೆ ಜುಂ ಎನ್ನುತ್ತಿತ್ತು, ಈಗ ಎನ್ನುವುದಿಲ್ಲ, ಕಳೆದ ಒಂದು ತಿಂಗಳಿಂದ ಸುಧಾರಣೆ ಕಂಡಿದೆ, ಇಷ್ಟು. ಕಿವಿಯ ವಿಷಯ ಬರೆದು ಹೊಡೆದುಹಾಕಿದೆ. ಅದು ಹಲ್ಲಿಗೆ ಸಂಬಂಧಿಸಿದ್ದೆಂದು ಖಾತ್ರಿ ಇರಲಿಲ್ಲ. ಬಿಸಿ ಚಹಾದ ವಿಷಯವನ್ನೂ ಹೊಡೆದೆ. ಬಿಸಿ ತಾಕಿದರೆ ಬಾಯಿ ಯಾರಿಗೆ ಉರಿಯುವುದಿಲ್ಲ? ಮಲಗಿದಾಗ ಬರುವ ನೋವು ಊಟ ಹೆಚ್ಚಾಗಿದ್ದರಿಂದಲೂ ಇರಬಹುದು, ಅದೂ ಹೋಯಿತು. ಚೀಟಿಯಲ್ಲಿ ಉಳಿದ ಒಂದೊಂದು ವಾಕ್ಯವೂ ನಿಜ. ಆದರೆ ಹೊಡೆದು ಹಾಕಿದ್ದೆಲ್ಲ ಒಂದೇ ಕಡೆಯದು ಎಂಬುದನ್ನು ನಾನು ಆಗ ಗಮನಿಸಲಿಲ್ಲ. ನನಗೆ ಸಿಮೆಂಟ್ ಬೇಕಿತ್ತು. ಸಿಮೆಂಟ್ ಸಾಕು ಎನ್ನಿಸುವಂಥ ವರದಿಯನ್ನೇ ತಯಾರಿಸಿದ್ದೆ.

ಆ ಮೇಲಿನ ಕೋಣೆಗೆ ಹೋಗುವ ಮೆಟ್ಟಿಲುಗಳೇ ಕಾಯುವವರ ಜಾಗ. ಒಂದೊಂದು ಮೆಟ್ಟಿಲಿಗೆ ಒಬ್ಬೊಬ್ಬರು ಕೂತಿದ್ದರು. ಒಳಗಿನಿಂದ ಒಬ್ಬರು ಹೊರಬಂದರೆ ಎಲ್ಲರೂ ಒಂದು ಮೆಟ್ಟಿಲು ಮೇಲೆ ಸರಿಯಬೇಕು. ನನ್ನ ಮೇಲಿನ ಮೆಟ್ಟಿಲಲ್ಲಿ ಇಟ್ಟಿಗಿ ಊರಿನ ಒಬ್ಬ ಹಿರಿಯರು ಕೆನ್ನೆಗೆ ಟವೆಲ್ ಕಟ್ಟಿಕೊಂಡು ಕೂತಿದ್ದರು. ಯಂತ್ರದ ಸದ್ದು ಕೇಳಿದಾಗಲೆಲ್ಲ ನಾವಿಬ್ಬರೂ ಒಟ್ಟಿಗೇ ಮಾತು ನಿಲ್ಲಿಸುತ್ತಿದ್ದೆವು.

"ಒಳಗ ಯಾರೂ ಚೀರವಲ್ರು," ಎಂದರು ಅವರು ಸ್ವಲ್ಪ ಹೊತ್ತಿನ ಮೇಲೆ. "ಇದು ಚಲೋದೋ ಕೆಟ್ಟದ್ದೋ?"

"ಚಲೋದೇ ಇರಬೇಕ್ರಿ ಯಜಮಾನ್ರೇ."

"ಬಾಯಾಗ ಅರಿವಿ ತುರುಕಿದ್ರೂ ಚೀರಾಕ ಬರಂಗಿಲ್ಲ ನೋಡು," ಎಂದು ಅವರು ನಕ್ಕರು. ನಕ್ಕಿದ್ದಕ್ಕೆ ನೋವಾಗಿ ಮತ್ತೆ ಟವೆಲ್ ಒತ್ತಿಕೊಂಡರು. ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಡಾಕ್ಟರು ಮೂವತ್ತು ದಾಟಿರದ ಹೆಣ್ಣುಮಗಳು. ನನ್ನ ಚೀಟಿಯನ್ನು ಎರಡು ಸಲ ಓದಿದರು. "ಎಷ್ಟು ಚೆನ್ನಾಗಿ ಬರ್ಕೊಂಡು ಬಂದಿದೀರಿ. ಎಲ್ಲರೂ ಹಿಂಗೆ ಬಂದ್ರೆ ನನ್ನ ಕೆಲಸ ಅರ್ಧ ಆಗುತ್ತೆ," ಎಂದರು. ನನಗೆ ಖುಷಿಯಾಯಿತು. ಕುರ್ಚಿಯಲ್ಲಿ ಮಲಗಿಸಿ, ಪುಟ್ಟ ಕನ್ನಡಿ ಹಾಕಿ ನೋಡಿದರು. ಮುರಿದ ಮೂಲೆಯಲ್ಲಿ ಹುಳುಕು ಹಿಡಿದಿದೆ, ಎಷ್ಟು ಆಳ ಎಂಬುದು ಮೇಲಿಂದ ತಿಳಿಯುವುದಿಲ್ಲ ಎಂದರು. ಎಕ್ಸ್‌ರೇ ಯಂತ್ರ ಇರುವುದು ದಾವಣಗೆರೆಯ ಕ್ಲಿನಿಕ್ಕಿನಲ್ಲಿ. "ನೀವು ಬರೆದಿರೋದು ನೋಡಿದ್ರೆ ಒಳಗಿನ ನರ ಚೆನ್ನಾಗೇ ಇರಬೇಕು. ನೋವು ಕಡಿಮೆ ಆಗ್ತಾ ಬಂದಿದೆಯಲ್ಲ. ಕ್ಲೀನ್ ಮಾಡಿ ತುಂಬಿಬಿಡೋಣ."

ಗೆದ್ದೆ ಎಂದುಕೊಂಡೆ. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ, ಬಾಗಿಲ ಹತ್ತಿರ ನಿಂತಿದ್ದ ಗಿರಿಜಾಳನ್ನು ಮಾತಿಗೆ ಕೇಳುವ ಹಾಗೆ ಕೇಳಿದರು: "ಊಟ ಗೀಟ ಸರಿಯಾಗಿ ಮಾಡ್ತಾರೇನಮ್ಮ?"

"ಎಲ್ಲಿ ಊಟ ಬಿಡ್ರಿ. ಬಿಸೀದು ಒಂದೂ ಬಾಯಿಗೆ ಇಡಂಗಿಲ್ಲ. ಚಾ ಆರಿ ಕೆನಿ ಕಟ್ಟಿದ ಮ್ಯಾಲೆ ಕುಡೀತಾರ. ಇಡೀ ದಿನ ಕೊಟ್ರೇಶಣ್ಣನ ಅಂಗಡ್ಯಾಗ ಫ್ರಿಜ್ ನೀರು ಬಾಯಾಗ ತುಂಬ್ಕೊಂಡು ಕುಂತಿರ್ತಾರ. ನಾನು ಮಾತಾಡ್ಸಿದ್ರ ಕೈಸನ್ನಿ ಮಾಡ್ತಾರ್ರಿ, ಮೌನ ವ್ರತ ಹಿಡದೋರ ಹಂಗ."

ಡಾಕ್ಟರ ಕೈ ನಿಂತಿತು. "ತಣ್ಣೀರು ಯಾಕೆ ಇಟ್ಕೋತೀರಿ?" ಎಂದು ನನ್ನನ್ನು ಕೇಳಿದರು.

"ಹಿತ ಅನಸ್ತೈತ್ರಿ."

"ಹಿತ?"

"ನೋವಿದ್ರ ನಿಲ್ತೈತಿ."

ಅವರು ಕೈಗವಸು ತೆಗೆದು, ಒಂದು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ಆಮೇಲೆ ಕೇಳಿದ ಪ್ರಶ್ನೆಗಳು ಒಬ್ಬ ಒಳ್ಳೆಯ ವರದಿಗಾರ ಕೇಳುವಂಥವು. ಬಿಸಿ ತಾಕಿದರೆ ನೋವು ಎಷ್ಟು ಹೊತ್ತು ಇರುತ್ತದೆ? ಗಡಿಯಾರ ನೋಡಿದ್ದೀರಾ? ನೋಡಿದ್ದೆ. ಹತ್ತು ನಿಮಿಷ, ಕೆಲವು ಸಲ ಹದಿನೈದು. ಏನೂ ತಾಕದೆ ತಾನಾಗಿಯೇ ಬರುತ್ತದೆಯೇ? ಬರುತ್ತದೆ. ಮಲಗಿದಾಗ?

"ಕಿವಿಯಾಗ ಗುದ್ದತೈತಂತ್ರಿ," ಎಂದಳು ಗಿರಿಜಾ. "ನಾನು ಬೆಳ್ಳುಳ್ಳಿ ಎಣ್ಣಿ ಹಾಕಿ ಹಾಕಿ ಸಾಕಾತು."

"ಇದೆಲ್ಲ ಚೀಟಿಯಲ್ಲಿ ಇಲ್ಲವಲ್ಲ ಸರ್?"

"ಖಾತ್ರಿ ಇರಲಿಲ್ರಿ," ಎಂದೆ. ಹೇಳುವಾಗಲೇ ಆ ಮಾತು ಎಷ್ಟು ಪೇಲವವಾಗಿದೆ ಎಂದು ನನಗೇ ಕೇಳಿಸಿತು.

"ಖಾತ್ರಿ ಮಾಡೋದು ನನ್ನ ಕೆಲಸ. ನೀವು ಹೇಳ್ಬೇಕಷ್ಟೆ." ಸಿಟ್ಟಿನಿಂದ ಹೇಳಲಿಲ್ಲ. ರಬ್ಬರಿನಂಥ ಒಂದು ಕಡ್ಡಿಯ ತುದಿಯನ್ನು ದೀಪಕ್ಕೆ ಹಿಡಿದು ಕಾಯಿಸಿ ಹಲ್ಲಿಗೆ ಮುಟ್ಟಿಸಿದರು. ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರಿತು. ಕುರ್ಚಿಯ ಕೈ ಹಿಡಿದುಕೊಂಡೆ. ಕೂಡಲೇ ತಣ್ಣೀರಿನಲ್ಲಿ ಅದ್ದಿದ ಹತ್ತಿಯನ್ನು ಒತ್ತಿದರು. ನೋವು ಇಳಿಯಿತು. ಒಂದು ತಿಂಗಳಿಂದ ಬೇರೆ ಬೇರೆ ಎಂದುಕೊಂಡಿದ್ದ ಹಲ್ಲು, ಕಿವಿ, ಚಹಾ ಎಲ್ಲವೂ ಒಂದೇ ಸುದ್ದಿ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯಿತು.

ಡಾಕ್ಟರು ಹೇಳಿದ್ದು ಇಷ್ಟೆ. ತಣ್ಣೀರಿಗೆ ಜುಂ ಎಂದು ಕೂಡಲೇ ಹೋಗುತ್ತಿದ್ದಾಗ ನರ ಹೆದರಿತ್ತು, ಕೆಟ್ಟಿರಲಿಲ್ಲ. ಆಗ ತುಂಬಿಸಿದ್ದರೆ ಸಾಕಿತ್ತು. ಈಗ ಬಿಸಿಗೆ ನೋವು ಎದ್ದು ನಿಲ್ಲುತ್ತಿದೆ, ತಣ್ಣನೆಯದು ಹಿತವೆನಿಸುತ್ತಿದೆ ಎಂದರೆ ನರ ಒಳಗೊಳಗೇ ಸಾಯುತ್ತಿದೆ. ಅದರ ಮೇಲೆ ಸಿಮೆಂಟ್ ಮುಚ್ಚಿದರೆ ಮುಂದಿನ ಶನಿವಾರದೊಳಗೆ ಮುಖ ಊದಿಸಿಕೊಂಡು ಬರುತ್ತೀರಿ. ಎಕ್ಸ್‌ರೇ ತೆಗೆಸಿ, ಬೇರು ಗಟ್ಟಿಯಾಗಿದ್ದರೆ ನರ ತೆಗೆದು ಹಲ್ಲು ಉಳಿಸಬಹುದು. ಇಲ್ಲದಿದ್ದರೆ ಕೀಳಬೇಕು.

ಸುಧಾರಣೆ ಎಂದು ನಾನು ಬರೆದದ್ದು ಹಲ್ಲು ಸಾಯುತ್ತಿದ್ದ ಸುದ್ದಿ. ಅಂಕಿ ಅಂಶ ಸರಿ, ತಲೆಬರಹ ತಪ್ಪು.

ಮಾತ್ರೆ ಬರೆದುಕೊಟ್ಟರು. ಹೊರಡುವ ಮೊದಲು ನಾಚಿಕೆ ಬಿಟ್ಟು ಕೇಳಿದೆ: "ಡಾಕ್ಟ್ರೇ, ನರ ತೆಗದ್ರ ಕಣ್ಣಿಗೆ..." ಅವರು ನಗಲಿಲ್ಲ. ಒಂದು ಕಾಗದದ ಮೇಲೆ ಹಲ್ಲಿನ ಚಿತ್ರ ಬರೆದು, ಬೇರಿನ ತುದಿಯಲ್ಲಿ ಗೆರೆ ಎಳೆದರು. "ನಾವು ಈ ಗೆರೆ ದಾಟೋದಿಲ್ಲ. ಕಣ್ಣಿನ ದಾರಿ ಬೇರೆ. ದಿನಾ ನಾಲ್ಕು ಜನ ಇದನ್ನೇ ಕೇಳ್ತಾರೆ. ಕೇಳೋರು ವಾಸಿ. ಕೇಳದೇ ಓಡಿಹೋಗೋರದ್ದೇ ನನಗೆ ಚಿಂತೆ."

ಮನೆಗೆ ಬಂದು ವಿಷಯ ಹೇಳಿದಾಗ ಅವ್ವ ತನ್ನ ತೀರ್ಪು ಬದಲಿಸಲಿಲ್ಲ. "ಒಂದು ಹಲ್ಲಿಗೆ ದಾವಣಗೆರಿ ತನಕ ಹೋಗ್ತಾರೇನ? ಕೀಳ್ಸು ಅಂದ್ನೆಪ." ಕೊಟ್ರೇಶಿ ಕಣ್ಣಿನ ಮಾತನ್ನು ಮತ್ತೊಮ್ಮೆ ಎತ್ತಿದ. ಡಾಕ್ಟರು ಬರೆದುಕೊಟ್ಟ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ಹಲ್ಲಿಗೆ ಇಷ್ಟುದ್ದ ಬೇರು ಇರ್ತೈತೇನಲೇ," ಎಂದು ತನ್ನ ದವಡೆಯನ್ನೇ ಮುಟ್ಟಿ ನೋಡಿಕೊಂಡ. ಗಿರಿಜಾ ಮಾತ್ರ, "ಹಲ್ಲು ನಿಮ್ದು. ನೀವ ಹೇಳ್ರಿ," ಎಂದಳು. ಉಳಿಸಿಕೊಳ್ಳುತ್ತೇನೆ ಎಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ದಾವಣಗೆರೆಯ ಕ್ಲಿನಿಕ್ಕಿನಲ್ಲಿ ತೆಗೆದ ಎಕ್ಸ್‌ರೇ ಅಂಚೆಚೀಟಿಯ ಗಾತ್ರದ್ದು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಷ್ಟು ಹೊತ್ತು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಚುನಾವಣೆಯ ಮತ ಎಣಿಕೆಯ ಕೊನೆಯ ಸುತ್ತಿಗೆ ಕಾದಿದ್ದೇನೆ, ಪರೀಕ್ಷೆಯ ಫಲಿತಾಂಶದ ಪಟ್ಟಿಗೆ ಕಾದಿದ್ದೇನೆ. ಅವು ಬೇರೆಯವರವು. "ಹುಳುಕು ನರ ಮುಟ್ಟಿದೆ," ಎಂದರು. ಸ್ವಲ್ಪ ತಡೆದು, "ಬೇರು ಗಟ್ಟಿ ಇದೆ. ಉಳಿಯುತ್ತೆ," ಎಂದರು. ಎರಡನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಮೂರು ಸಲ ದಾವಣಗೆರೆಗೆ ಹೋದೆ. ಬೆಳಗಿನ ಬಸ್ಸಿಗೆ ಹೊರಟು ಸಂಜೆಗೆ ವಾಪಸ್ಸು. ಮೊದಲ ಸಲ ಇಂಜೆಕ್ಷನ್ ಚುಚ್ಚಿದಾಗ ಕಣ್ಣಲ್ಲಿ ನೀರು ಬಂತು. ಅದಾದ ಮೇಲೆ ತುಟಿ ದಪ್ಪವಾದಂತೆ, ಕೆನ್ನೆ ಯಾರದೋ ಎಂಬಂತೆ ಅನ್ನಿಸಿತು. ಸೂಜಿಗಿಂತ ತೆಳ್ಳಗಿನ, ಮೈಯೆಲ್ಲ ಮುಳ್ಳಿದ್ದ ಪುಟ್ಟ ಅರಗಳಿಂದ ಬೇರಿನ ಒಳಗೆ ಉಜ್ಜುತ್ತಿದ್ದುದು ಸದ್ದಾಗಿ ತಿಳಿಯುತ್ತಿತ್ತೇ ಹೊರತು ನೋವಾಗಿ ಅಲ್ಲ. ಬಾಯಿ ತೆರೆದೇ ಇಟ್ಟುಕೊಂಡು ದವಡೆ ಸೋಲುವುದೇ ದೊಡ್ಡ ಕಷ್ಟ. "ಎಡಗೈ ಎತ್ತಿದ್ರೆ ನಿಲ್ಲಿಸ್ತೀನಿ," ಎಂದು ಮೊದಲೇ ಹೇಳಿದ್ದರು. ಪರೀಕ್ಷಿಸಲೆಂದೇ ಒಮ್ಮೆ ಎತ್ತಿದೆ. ನಿಜವಾಗಿಯೂ ನಿಲ್ಲಿಸಿದರು. ಆಮೇಲೆ ಎತ್ತುವ ಅಗತ್ಯ ಬೀಳಲಿಲ್ಲ. ತಾತ್ಕಾಲಿಕವಾಗಿ ತುಂಬಿದ ಮದ್ದಿನಲ್ಲಿ ಅವ್ವನ ಲವಂಗದ್ದೇ ವಾಸನೆಯಿತ್ತು.

ಆ ಮೊದಲ ಸಲ ವಾಪಸ್ಸು ಬರುವಾಗ ಹರಪನಹಳ್ಳಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ತುಟಿಗೆ ಸ್ಪರ್ಶ ಬಂದಿತ್ತು. ಜೊತೆಗೆ ಬಂದಿದ್ದ ಗಿರಿಜಾ ಎರಡು ಚಹಾ ಹೇಳಿ, ನನ್ನದನ್ನು ಎಂದಿನಂತೆ ಆರಿಸತೊಡಗಿದಳು. ಅವಳ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದೆ. ಬಲಗಡೆಯಿಂದ. ಇನ್ನೊಂದು ಗುಟುಕು ಎಡಗಡೆಗೆ ಬಿಟ್ಟೆ. ಗಡಿಯಾರ ನೋಡಿಕೊಂಡು ಕಾದೆ. ಒಂದು ನಿಮಿಷ, ಎರಡು ನಿಮಿಷ. ಏನೂ ಬರಲಿಲ್ಲ.

"ಏನಾತ್ರಿ? ಯಾಕ ಸುಮ್ನ ನಿಂತ್ರಿ?" ಎಂದಳು ಗಾಬರಿಯಿಂದ.

"ಇನ್ನೊಂದು ಚಾ ಹೇಳು," ಎಂದೆ.

ಮರುದಿನ ಮಧ್ಯಾಹ್ನ ಎಡಗಡೆಗೇ ಹೊರಳಿ ಒಂದೂವರೆ ತಾಸು ನಿದ್ದೆ ಮಾಡಿದೆ. ಕಿವಿ ತೆಪ್ಪಗಿತ್ತು. ಎರಡನೆಯ, ಮೂರನೆಯ ಭೇಟಿಗಳಲ್ಲಿ ಬೇರುಗಳನ್ನು ಪೂರಾ ತುಂಬಿ ಮುಚ್ಚಿದರು. ನರವಿಲ್ಲದ ಹಲ್ಲು ಸುಲಭವಾಗಿ ಸೀಳುತ್ತದೆ ಎಂದು ಮೇಲೊಂದು ಕ್ಯಾಪ್ ಕೂರಿಸಿದರು. ಕೊಟ್ರೇಶಿ ಹೆದರಿಸಿದ್ದರೂ ಕಣ್ಣಿಗೆ ಅಕ್ಷರಗಳು ಮೊದಲಿನಂತೆಯೇ ಕಾಣುತ್ತಿದ್ದವು.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಕ್ಯಾಪ್ ಹಾಕಿಸಿಕೊಂಡು ಬಂದ ವಾರದಲ್ಲಿ ಒಂದು ದಿನ ನಾನು ಊಟ ಮುಗಿಸಿ ಏಳುವಾಗ ಅವ್ವ, "ಕುಂದ್ರು," ಎಂದಳು. ಗಿರಿಜಾ ನೀರು ತರಲು ಹೋಗಿದ್ದಳು. ಅವಳು ಬರುವುದರೊಳಗೆ ಹೇಳಿ ಮುಗಿಸುವವಳಂತೆ ಅವಸರದಿಂದ ಹೇಳಿದಳು: "ನನ್ನದೂ ಒಂದು ಐತಿ. ಬಲಕ್ಕ, ಮ್ಯಾಲೆ. ನೀರು ತಾಕಿದ್ರ ಜುಂ ಅಂತೈತಿ."

"ಎಷ್ಟು ದಿನ ಆತವ್ವ?"

"ನಿಂದು ಮುರಿಯೋಕಿಂತ ಮೊದ್ಲಿಂದ."

"ಮತ್ತ ಹೇಳಬಾರ್ದೇನವ್ವ?"

"ಹೇಳಿದ್ರ ಕೀಳ್ತಾರ. ಅದೊಂದೇ ಐತಿ, ಮ್ಯಾಲಿಂದು ಕೆಳಗಿಂದು ಕೂಡೋದು. ಅದೂ ಹೋದ್ರ ರೊಟ್ಟಿ ನೆನಸಿದ್ರೂ ನುಂಗಾಕ ಬರಂಗಿಲ್ಲ."

ನನಗೆ ಮೂರು ತಿಂಗಳು ಕೀಳಿಸು ಕೀಳಿಸು ಎಂದವಳು ತನ್ನದನ್ನು ಯಾರಿಗೂ ತೋರಿಸದೆ ಕಾಯ್ದುಕೊಂಡಿದ್ದಳು. ಅವಳು ಕಂಡ ಡಾಕ್ಟರುಗಳೆಲ್ಲ ಇಕ್ಕಳ ಹಿಡಿದವರೇ. ಉಳಿಸುವವರೂ ಇರುತ್ತಾರೆಂದು ನಂಬಲು ಅವಳಿಗೆ ನನ್ನ ಬಾಯಿ ಬೇಕಾಯಿತು.

ಶನಿವಾರ ಅವಳನ್ನು ಹರಪನಹಳ್ಳಿಗೆ ಕರೆದುಕೊಂಡು ಹೋದೆವು. ಈ ಸಲ ನಾನು ಏನೂ ಬರೆಯಲಿಲ್ಲ. ಅವ್ವ ಸ್ಟೂಲಿನ ಮೇಲೆ ಕೂತು ಡಾಕ್ಟರಿಗೆ ಎಲ್ಲ ಹೇಳಿದಳು. ಮೊದಲ ಹಲ್ಲು ಕೀಳಿಸಿದ್ದು ನಾನು ಹುಟ್ಟಿದ ವರ್ಷ ಎಂಬಲ್ಲಿಂದ ಶುರುಮಾಡಿ, ಪಕ್ಕದ ಮನೆಯವರು ಕೊಟ್ಟ ಬೇರಿನ ಪುಡಿ, ನಡುವೆ ಮೊಣಕಾಲು ನೋವು, ಬಾವಿಯ ನೀರಿಗೆ ಜುಂ ಎನ್ನುತ್ತದೆ, ನಲ್ಲಿ ನೀರಿಗೆ ಅಷ್ಟಿಲ್ಲ ಎಂಬಲ್ಲಿಗೆ ಬಂದಳು. ಎರಡು ಸಲ ನನ್ನ ಬಾಯಿ ತೆರೆಯಿತು, ಮೊಟಕು ಮಾಡಿಸಲು. ಗಿರಿಜಾ ನನ್ನ ಕೈ ಹಿಸುಕಿದಳು. ಡಾಕ್ಟರು ತಲೆಯಾಡಿಸುತ್ತ ಕೇಳಿದರು.

ಆಮೇಲೆ ಅವಳನ್ನು ಕುರ್ಚಿಗೆ ಕೂರಿಸಿ ತಣ್ಣನೆಯ ಹತ್ತಿ ಮುಟ್ಟಿಸಿದರು.

"ಅಯ್ಯಯ್ಯ!" ಎಂದು ಅವ್ವ ಡಾಕ್ಟರ ಕೈ ಹಿಡಿದುಕೊಂಡಳು.

"ಇನ್ನೂ ಇದೆಯಾ?"

"ಇಲ್ಲ. ಹೋತು. ನೀ ಕೈ ತೆಗಿಯೋದ್ರಾಗ ಹೋತು."

"ಬಿಸೀದು ತಿಂದ್ರೆ? ಮಲಗಿದ್ರೆ?"

"ಏನಿಲ್ಲವ್ವ. ಬಿಸಿ ಇದ್ರೇ ಬೇಶ್."

ಕಾಯಿಸಿದ ಕಡ್ಡಿ ಮುಟ್ಟಿಸಿದರು. ಅವ್ವ ಕಣ್ಣು ಪಿಳುಕಿಸಲಿಲ್ಲ. ಕನ್ನಡಿಯ ಹಿಡಿಯಿಂದ ಹಲ್ಲಿನ ಮೇಲೆ ಮೆಲ್ಲಗೆ ಬಡಿದರು. ಅದಕ್ಕೂ ಏನಿಲ್ಲ.

"ಇದಕ್ಕೆ ಸಿಮೆಂಟ್ ಸಾಕಮ್ಮ," ಎಂದರು ಡಾಕ್ಟರು. "ಹಲ್ಲಿಗೆ ಜೀವ ಇದೆ. ಕೀಳೋದೂ ಬೇಡ, ನರ ತೆಗೆಯೋದೂ ಬೇಡ."

ಅರ್ಧ ತಾಸಿನಲ್ಲಿ ಮುಗಿಯಿತು. ನನ್ನ ಎಕ್ಸ್‌ರೇ ನೋಡಿ ಉಳಿಯುತ್ತದೆ ಎಂದ ದಿನಕ್ಕಿಂತ ಹೆಚ್ಚು ಹಗುರವಾಗಿದ್ದೆ. ಅವ್ವ ಕುರ್ಚಿಯಿಂದ ಇಳಿಯಲಿಲ್ಲ.

"ಇಷ್ಟೇನ?" ಎಂದಳು. "ಅವಂಗೆ ಮೂರು ಸರ್ತಿ ದಾವಣಗೆರಿಗೆ ಕರಸ್ಕೊಂಡು, ನನಗ ಇಲ್ಲೇ ಮುಗಿಸಿ ಕಳಸ್ತಿಯೇನವ್ವ? ದಾವಣಗೆರಿ ನೋಡೋಣಂತ ಇಳಕಲ್ ಸೀರಿ ತೆಗೆದಿಟ್ಟಿದ್ದೆ."

ಡಾಕ್ಟರು ನಗುತ್ತ, ಎರಡು ತಾಸು ಈ ಕಡೆಯಿಂದ ಅಗಿಯಬೇಡಿ ಎಂದರು. ಅವ್ವ ಯಾವತ್ತೂ ನಗುವಾಗ ಬಾಯಿಗೆ ಸೆರಗು ಹಿಡಿಯುತ್ತಾಳೆ. ಅಂದು ಹಿಡಿಯಲಿಲ್ಲ. "ಹಂಗಾದ್ರ ಉಳಿದಾವನ್ನೂ ಒಂದು ಸರ್ತಿ ನೋಡಿಬಿಡು ನಮ್ಮವ್ವ, ಹೆಂಗೂ ಕುಂತೀನಿ," ಎಂದು ಯಾರೂ ಹೇಳದೆ ತಾನೇ ಬಾಯಿ ಅಗಲಿಸಿದಳು.

ಡಾಕ್ಟರು ದೀಪ ಸರಿಸಿ, ಕನ್ನಡಿ ಹಿಡಿದು, ಒಂದೊಂದನ್ನೇ ಮುಟ್ಟುತ್ತ ಗಟ್ಟಿಯಾಗಿ ಎಣಿಸಿದರು. ಹನ್ನೊಂದು ಇದ್ದವು. ಒಂದನ್ನೂ ಕೀಳಬೇಕಾಗಿರಲಿಲ್ಲ.